ಕುಗ್ಗೋದಕ್ಕೆ ಜಾಗ ಬಿಟ್ಟ ಚರ್ಚು

ಮರದ ಕಟ್ಟಡ ಅಂದ ಕೂಡಲೇ "ಎಷ್ಟು ದಿನ ಬಾಳುತ್ತೆ?" ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ನಾನು ಹೇಳುವುದು ಫಿನ್ಲೆಂಡಿನ ಪೆಟಾಯಾವೆಸಿಯ ಹಳೇ ಚರ್ಚಿನ ಕಥೆ. ಪ್ರಾಟೆಸ್ಟಂಟ್ ಕ್ರೈಸ್ತರ ಲೂಥರನ್ ಪಂಥದ ಈ ಚರ್ಚನ್ನು 1763ರಿಂದ 1765ರವರೆಗೆ ಪೈನ್ ದಿಮ್ಮಿಗಳಿಂದ ಕಟ್ಟಿದರು. ಆಗ ಫಿನ್ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಕಟ್ಟಿದ ಮೇಸ್ತ್ರಿ ಯಾಕೋ ಲೆಪ್ಪಾನೆನ್. 1821ರಲ್ಲಿ ಗಂಟೆ ಗೋಪುರ ಸೇರಿಸಿದ್ದು ಅವನ ಮೊಮ್ಮಗ ಎರ್ಕಿ.

ನನಗೆ ಜಾಸ್ತಿ ಖುಷಿ ಕೊಡುವುದು ಗೋಡೆ. ಮರ ಅಂದರೆ ಒತ್ತಾಗಿ ಕಟ್ಟಿದ ಸ್ಟ್ರಾಗಳ ಕಂತೆ. ನೀರು ಹೀರಿದಾಗ ಕಂತೆ ದಪ್ಪವಾಗುತ್ತದೆ, ಉದ್ದ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ನಿಮ್ಮನೆ ಬಾಗಿಲು ಅಗಲದಲ್ಲಿ ಬಿಗಿಯಾಗುತ್ತದೆ, ಎತ್ತರದಲ್ಲಲ್ಲ, ಅಲ್ವಾ? ಒಣಗಿದಾಗ ಇದೇ ಆಟ ಉಲ್ಟಾ. ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ ಗೋಡೆ ಬುಟ್ಟಿಯಲ್ಲಿಟ್ಟ ಪೂರಿಗಳ ಹಾಗೆ. ಒಂದೊಂದೂ ಚೂರು ಚೂರು ಇಳಿದರೆ ಇಡೀ ರಾಶಿಯೇ ತಗ್ಗುತ್ತದೆ. ಎತ್ತರದ ಪ್ರತಿ ಮೀಟರಿಗೆ ಕೆಲವು ಸೆಂಟಿಮೀಟರ್! ಆದರೆ ಕಿಟಕಿಯ ಪಕ್ಕ ನೆಟ್ಟಗೆ ನಿಂತ ಕಂಬ ಕುಗ್ಗುವುದಿಲ್ಲ. ಅದು ಮೇಲಿನ ದಿಮ್ಮಿಗೆ ತಾಗಿದರೆ ಗೋಡೆ ಅಲ್ಲೇ ನೇತಾಡಿ ಬಿರುಕು ಬಿಡುತ್ತದೆ. ಅದಕ್ಕೇ ದಿಮ್ಮಿ ಮನೆ ಕಟ್ಟುವ ಬಡಗಿ ಕಿಟಕಿಯ ಮೇಲೆ ಬೇಕೆಂದೇ ಸಂದು ಬಿಟ್ಟು, ಹಲಗೆ ಹೊಡೆದು ಮರೆಮಾಡುತ್ತಾನೆ. ಮೂಲೆಗಳಲ್ಲಿ ದಿಮ್ಮಿಗಳನ್ನು ಕಚ್ಚು ಕೊರೆದು ಒಂದಕ್ಕೊಂದು ಕೂರಿಸುತ್ತಾರೆ. ಚರ್ಚಿನ ನಕ್ಷೆ ಶಿಲುಬೆಯಾಕಾರ. ಅದು ಬರೀ ಭಕ್ತಿ ಅಂದುಕೊಳ್ಳಬೇಡಿ. ಮೂಲೆ ಹೆಚ್ಚಾದಷ್ಟೂ ಉದ್ದ ಗೋಡೆ ವಾಲುವ ಭಯ ಕಡಿಮೆ. ಮಡಚಿ ನಿಲ್ಲಿಸಿದ ಲಗ್ನಪತ್ರಿಕೆ ಸುಮ್ನೆ ಬೀಳುತ್ತದೆಯೇ?

ಮರವನ್ನು ತಿನ್ನುವುದು ವಯಸ್ಸಲ್ಲ, ಬೂಷ್ಟು. ಮರದಲ್ಲಿ ತೇವಾಂಶ ಸುಮಾರು 20 ಪ್ರತಿಶತಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ.

ಚರ್ಚಿನ ಒಳಗೆ ಉಪದೇಶದ ಪೀಠವನ್ನು ಹೊತ್ತು ನಿಂತಿರುವವನು ಸಂತ ಕ್ರಿಸ್ಟೋಫರ್, ಮರದ ಬೊಂಬೆ. ಸಂತರ ಪೂಜೆ ಬೇಡವೆಂದ ಪಂಥದವರ ಚರ್ಚಿನಲ್ಲಿ ಸಂತನಿಗೇ ಹೊರೆ ಹೊರುವ ಕೆಲಸ!

1879ರಲ್ಲಿ ಊರಿಗೆ ಹೊಸ ಚರ್ಚು ಬಂತು, ಹಳೆಯದು ಮೂಲೆಗೆ ಬಿತ್ತು. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತು. "ಸುಧಾರಣೆ"ಯ ಹೆಸರಲ್ಲಿ ಯಾರೂ ಅದಕ್ಕೆ ಕೈಹಾಕಲಿಲ್ಲ. 1994ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗೆ ಇಂದಿಗೂ ಹೀಟರ್ ಇಲ್ಲ. ಪ್ರಾರ್ಥನೆ ಹೆಚ್ಚಾಗಿ ಬೇಸಿಗೆಯಲ್ಲೇ.