ಚೆರ್ನೋಬಿಲ್ ಕಾಡಿನ ಬೆಂಕಿಗೆ ಸೊಪ್ಪಿನ ಗೆಲ್ಲು ಆಗದು

ಮಾರ್ಚ್, ಏಪ್ರಿಲ್‌ನಲ್ಲಿ ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡೆಗಳಲ್ಲಿ ಮುಳಿಹುಲ್ಲಿಗೆ ಬೆಂಕಿ ಬಿದ್ದರೆ ಹಸಿ ಸೊಪ್ಪಿನ ಗೆಲ್ಲು ಮುರಿದು, ಮೂಗಿಗೆ ಬೈರಾಸು ಕಟ್ಟಿ, ಬೆಂಕಿಯ ಅಂಚನ್ನು ಬಡಿಯುತ್ತೇವೆ. ಹುಲ್ಲಿನ ಬೆಂಕಿಗೆ ಇದು ಸಾಕು. ಉಕ್ರೇನಿನ ಚೆರ್ನೋಬಿಲ್ ಕಾಡಿನಲ್ಲಿ ಮಾತ್ರ ಹೀಗೆ ಬಡಿಯಬಾರದು. ಏಳುವ ಬೂದಿಯಲ್ಲಿ 1986ರ ಅಣುಸ್ಥಾವರ ಸ್ಫೋಟದ ವಿಕಿರಣ ವಸ್ತು ಇನ್ನೂ ಇದೆ, ಅದು ನೇರ ಮುಖಕ್ಕೇ ಬರುತ್ತದೆ.

ಬೆಂಕಿ ಹೊಸ ವಿಕಿರಣವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಎಬ್ಬಿಸುತ್ತದೆ. ಆ ಸ್ಫೋಟದಿಂದ ಉಳಿದ ವಿಕಿರಣ ವಸ್ತುಗಳಲ್ಲೊಂದಾದ ಸೀಸಿಯಂ-137 ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು. ಬೇರು ಅದನ್ನು ಪೊಟ್ಯಾಸಿಯಂ ಎಂದೇ ಎಳೆದುಕೊಳ್ಳುತ್ತದೆ, ಪೈನ್ ಎಲೆ ಉದುರಿದಾಗ ಅದು ಮತ್ತೆ ನೆಲ ಸೇರುತ್ತದೆ. ಪೊಟ್ಯಾಷ್ ಸಿಗಲೆಂದು ತೆಂಗಿನ ಬುಡಕ್ಕೆ ಬೂದಿ ಹಾಕುವವರಿಗೆ ಮುಂದಿನದು ಹೇಳಿಕೊಡಬೇಕಿಲ್ಲ. ನೂರು ಕಿಲೋ ಕಟ್ಟಿಗೆ ಸುಟ್ಟರೆ ಉಳಿಯುವುದು ಒಂದೆರಡು ಕಿಲೋ ಬೂದಿ, ಪೊಟ್ಯಾಷ್ ಜೊತೆಗೆ ಸೀಸಿಯಂ ಕೂಡ ಅದರಲ್ಲೇ ಸಾಂದ್ರವಾಗುತ್ತದೆ. ತಾಪ ಹೆಚ್ಚಿದಲ್ಲಿ ಒಂದಂಶ ಆವಿಯಾಗಿ ಹೊಗೆಯ ಕಣಗಳಿಗೆ ಅಂಟಿ ಹಾರುತ್ತದೆ.

2020ರ ಏಪ್ರಿಲ್‌ನಲ್ಲಿ ಅಲ್ಲಿ ಹೊತ್ತಿದ ಬೆಂಕಿ ಸ್ಥಾವರದ ಹತ್ತಿರದವರೆಗೂ ಬಂತು. ಹೊಗೆ ಕೀವ್ ನಗರವನ್ನು ಮುಸುಕಿತು. ನಗರದ ಜನರಿಗೆ ಸೀಸಿಯಂಗಿಂತ ಹೊಗೆಯೇ ದೊಡ್ಡ ತೊಂದರೆಯಾಯಿತು. ಬೂದಿಯ ನಡುವೆ ನಿಂತು ನಂದಿಸುವವರ ಪಾಡು ಬೇರೆ.

ಅವರಿಗೆ ಬೈರಾಸಿನಿಂದ ಪ್ರಯೋಜನವಿಲ್ಲ, ಸಣ್ಣ ಕಣಗಳು ನೇಯ್ಗೆಯ ಸಂದಿನಲ್ಲೇ ನುಗ್ಗುತ್ತವೆ. ಅತಿ ಸಣ್ಣ ಕಣಗಳನ್ನೂ ತಡೆಯುವ ಪಿ3 ಫಿಲ್ಟರಿನ ಮುಖವಾಡ ಬೇಕು, ಅದು ಕೆನ್ನೆಗೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ಸೋರುತ್ತದೆ.

ಮೈಗೆ ತಗಲಿದ ವಿಕಿರಣ ಅಳೆಯುವ ಡೋಸಿಮೀಟರ್ ಎದೆಗೆ ಸಿಕ್ಕಿಸಿ, ಗಾಳಿ ಬರುವ ದಿಕ್ಕಿನಲ್ಲಿ ನಿಂತು, ಸಮಯ ಲೆಕ್ಕ ಹಾಕಿ ಕೆಲಸ ಮಾಡಬೇಕು. ಆ ವಿಕಿರಣದ ಅಳತೆ ಸೀವರ್ಟ್. ಗಂಟೆಗೆ 20 ಮೈಕ್ರೋಸೀವರ್ಟ್ ಇರುವ ಜಾಗದಲ್ಲಿ 50 ಗಂಟೆ ಕಳೆದರೆ 1,000 ಮೈಕ್ರೋಸೀವರ್ಟ್, ಅಂದರೆ 1 ಮಿಲಿಸೀವರ್ಟ್ ಆಯಿತು. ಸಾಮಾನ್ಯ ಜನರಿಗೆ ವರ್ಷವಿಡೀ ಹೇಳಿರುವ ಮಿತಿ ಅಷ್ಟೇ. ಆದರೆ ಈ ಮೀಟರು ಹೊರಗಿನ ಗಾಮಾ ಕಿರಣವನ್ನಷ್ಟೇ ಎಣಿಸುತ್ತದೆ. ಅದೇ ಸ್ಫೋಟದ ಇನ್ನೊಂದು ವಿಕಿರಣ ವಸ್ತು ಪ್ಲುಟೋನಿಯಂ, ಉಸಿರಿನೊಡನೆ ಒಳಹೋದ ಅದರ ಆಲ್ಫಾ ಕಿರಣ ಅದಕ್ಕೆ ಕಾಣುವುದೇ ಇಲ್ಲ. ಅಂಕಿ ಕಡಿಮೆ ಇದೆಯೆಂದು ಮುಖವಾಡ ಕಳಚುವುದು ದೊಡ್ಡ ತಪ್ಪು.

ಪೈಪಿನ ನೇರ ಧಾರೆ ಬೂದಿಯನ್ನು ಚಿಮ್ಮಿಸುತ್ತದೆ, ಆದ್ದರಿಂದ ತುಂತುರಾಗಿ ಹಾಯಿಸಿ ಮೊದಲು ಒದ್ದೆ ಮಾಡಬೇಕು. ಬೆಂಕಿ ದಾಟದಂತೆ ಬುಲ್ಡೋಜರಿನಲ್ಲಿ ನೆಲ ಕೆರೆದು ಬೆಂಕಿಗೆರೆ ಎಳೆಯುವಾಗಲೂ ಇದೇ ಕಷ್ಟ. ಸೀಸಿಯಂ ಹೆಚ್ಚಾಗಿ ಮಣ್ಣಿನ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿದೆ, ಬ್ಲೇಡು ಕೆರೆಯುವುದೂ ಅದನ್ನೇ. ಚಾಲಕನ ಕ್ಯಾಬಿನ್ ಮುಚ್ಚಿರಬೇಕು, ಒಳಬರುವ ಗಾಳಿ ಸೋಸಿರಬೇಕು. ಸೆಕೆ ತಡೆಯದೆ ಕಿಟಕಿ ತೆರೆದರೆ ಎರಡೂ ವ್ಯರ್ಥ. ಜ್ವಾಲೆ ನಂದಿದ ಮೇಲೆ ಕೆಂಡ ಹುಡುಕಿ ಕೆದಕುವಾಗ ಬೂದಿ ಮೊಣಕಾಲಿನವರೆಗೂ ಏಳುತ್ತದೆ. ದಣಿದವರು ಮುಖವಾಡ ಕೆಳಗಿಳಿಸುವುದೂ ಆಗಲೇ.

ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಝಾಡಿಸಬಾರದು. ನೀರು ಚಿಮುಕಿಸಿ, ಒಳಮಗ್ಗುಲು ಹೊರಗೆ ಬರುವಂತೆ ಮಡಚುತ್ತಾ ಕಳಚಿ ಚೀಲಕ್ಕೆ ಹಾಕಬೇಕು. ಮುಖವಾಡ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಆಮೇಲೆ ಮೈ ತೊಳೆಯಲು ಉಗುರುಬೆಚ್ಚಗಿನ ನೀರು, ಸೋಪು ಸಾಕು. ಚರ್ಮ ತರಚುವಂತೆ ಉಜ್ಜಬಾರದು. ಅಲ್ಲಿಯವರೆಗೆ ಒಂದು ಬೀಡಿಯೂ ಬೇಡ, ಒಂದು ಗುಟುಕು ಚಹಾವೂ ಬೇಡ.