ಕೈಪಿಡಿಯಲ್ಲಿಲ್ಲದ ಪಾಠ

ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞ ಜೂಲಿಯನ್ ಓರ್ 1980ರ ದಶಕದಲ್ಲಿ ಫೋಟೊಕಾಪಿ ಯಂತ್ರ ರಿಪೇರಿ ಮಾಡುವವರ ಜೊತೆ ಓಡಾಡಿದರು. ಯಾವ ಎರರ್ ಕೋಡ್ ಬಂದರೆ ಏನು ಮಾಡಬೇಕೆಂದು ಕಂಪನಿ ಕೈಪಿಡಿ ಕೊಟ್ಟಿತ್ತು. ಯಂತ್ರಗಳು ಕೈಪಿಡಿ ಓದಿಕೊಂಡು ಕೆಡುವುದಿಲ್ಲವಲ್ಲ! ದಾರಿ ಕಾಣದಾಗ ರಿಪೇರಿಯವರು ಊಟದ ಹೊತ್ತಿನಲ್ಲಿ ಒಟ್ಟಿಗೆ ಕೂತು, ಹಿಂದೆ ಹೀಗೇ ಸತಾಯಿಸಿದ ಯಂತ್ರಗಳ ಕತೆ ಹೇಳಿಕೊಳ್ಳುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಅದು ಹರಟೆ; ಓರ್ ಕಂಡಂತೆ, ಅಸಲಿ ಕೆಲಸ ಅಲ್ಲೇ ನಡೆಯುತ್ತಿತ್ತು.

ಮುಂದೆ ಕಂಪನಿ ಈ ಮಾತುಗಳನ್ನು 'ಯುರೇಕಾ' ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಇಳಿಸಿತು. ಒಬ್ಬರು ಬರೆದ ಉಪಾಯವನ್ನು ಅದೇ ಕೆಲಸದ ಇತರರು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದು ಎಲ್ಲರಿಗೂ ಸಿಗುತ್ತಿತ್ತು, ಬರೆದವರ ಹೆಸರಿನ ಸಮೇತ. ಬಹುಮಾನದ ಹಣ ಇರಲಿಲ್ಲ. ಉಪಾಯಕ್ಕೆ ಇಷ್ಟೆಂದು ದುಡ್ಡು ಕಟ್ಟಿದರೆ ಸಂಖ್ಯೆ ಏರುತ್ತದೆ, ಸತ್ವ ಇಳಿಯುತ್ತದೆ. 'ತಿಂಗಳಿಗೆ ಎರಡು ಉಪಾಯ ಕಡ್ಡಾಯ' ಎನ್ನುವ ಸಂಸ್ಥೆಗಳು ಈ ಒಂದು ವಿವರವನ್ನೇ ಮರೆಯುತ್ತವೆ.

ಹೊಸಬರು ಇಂಥ ಬಳಗದೊಳಗೆ ಬರುವುದು ಹೇಗೆ? ಮಾನವಶಾಸ್ತ್ರಜ್ಞೆ ಜೀನ್ ಲೇವ್ ಲೈಬೀರಿಯಾದ ದರ್ಜಿಗಳಲ್ಲಿ ಕಂಡ ಕ್ರಮ ಸೊಗಸಾಗಿದೆ. ಕಲಿಯಲು ಬಂದವರ ಮೊದಲ ಕೆಲಸ ಗುಂಡಿ ಹಾಕುವುದು, ಅಂಚು ಮಡಚುವುದು, ಆಮೇಲೆ ಹೊಲಿಗೆ, ಬಟ್ಟೆ ಕತ್ತರಿಸುವುದು ಕೊನೆಗೆ. ಉಡುಪು ತಯಾರಾಗುವ ಕ್ರಮಕ್ಕೆ ಇದು ನೇರ ತಿರುಗುಮುರುಗು. ತಪ್ಪು ಗುಂಡಿಯನ್ನು ಕಿತ್ತು ಮತ್ತೆ ಹಾಕಬಹುದು, ತಪ್ಪು ಕತ್ತರಿ ಬಟ್ಟೆಯನ್ನೇ ಹಾಳುಮಾಡುತ್ತದೆ. ಜೊತೆಗೆ, ಅಂಚು ಮಡಚುವ ಕೈಗೆ ಇಡೀ ಉಡುಪಿನ ಆಕಾರ ಮೊದಲೇ ಪರಿಚಯವಾಗಿರುತ್ತದೆ. ಕಚೇರಿಯಲ್ಲೂ ಕೆಲಸ ಹಂಚುವ ಮುನ್ನ 'ಇಲ್ಲಿ ತಪ್ಪಿದರೆ ಸರಿಪಡಿಸಬಹುದೇ?' ಎಂದು ಕೇಳಿಕೊಂಡರೆ ಅರ್ಧ ದಾರಿ ಸಾಗಿದಂತೆ.

ಉಳಿದರ್ಧಕ್ಕೆ ಕೆಲಸ ಮುಗಿದ ಕೂಡಲೇ ಕೂತು ಮಾತಾಡಬೇಕು. ಅಮೆರಿಕದ ಸೇನೆ 1970ರ ದಶಕದಲ್ಲಿ ರೂಢಿಸಿದ ಪದ್ಧತಿಯಲ್ಲಿ ಪ್ರಶ್ನೆಗಳು ನಾಲ್ಕೇ: ಏನಾಗಬೇಕಿತ್ತು, ಏನಾಯಿತು, ಏಕೆ, ಮುಂದೇನು? 46 ಗುಂಪುಗಳ ದತ್ತಾಂಶವನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚೆನ್ನಾಗಿ ನಡೆಸಿದ ಇಂಥ ಅವಲೋಕನದಿಂದ ಕಾರ್ಯಕ್ಷಮತೆ ಸುಮಾರು 25% ಹೆಚ್ಚುತ್ತದೆ. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ, ಅಷ್ಟೆ. ಆದ್ದರಿಂದ ಕಿರಿಯರಿಂದ ಶುರುಮಾಡುವುದು ಲೇಸು. ಅಲ್ಲಿ ಆಡಿದ ಮಾತು ಬಡ್ತಿಯ ಕಡತ ಸೇರಿತೆಂದು ಒಮ್ಮೆ ಗೊತ್ತಾದರೆ, ಮುಂದಿನ ಸಭೆಯಲ್ಲಿ ಎಲ್ಲವೂ 'ಸುಸೂತ್ರ'ವಾಗಿಯೇ ನಡೆದಿರುತ್ತದೆ.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಔಷಧ ದೋಷಗಳನ್ನು ಎಣಿಸಿದಾಗ, ನಾಯಕತ್ವ ಚೆನ್ನಾಗಿದ್ದ ತಂಡಗಳಲ್ಲೇ ಹೆಚ್ಚು ದೋಷ ಕಂಡವು. ಆ ತಂಡಗಳಲ್ಲಿ ದೋಷವನ್ನು ಮುಚ್ಚಿಡದೆ ಹೇಳುವುದು ಸಲೀಸಾಗಿತ್ತು ಎಂಬುದೇ ಅದಕ್ಕೆ ಕಾರಣವೆಂದು ಅವರು ಗುರುತಿಸಿದರು. ಅವಲೋಕನ ಶುರುವಾದ ಮೊದಲ ತಿಂಗಳುಗಳಲ್ಲಿ ತಪ್ಪುಗಳ ಪಟ್ಟಿ ಉದ್ದವಾದದ್ದು ಕಂಡು ಗಾಬರಿಯಾಗಿ ಅದನ್ನೇ ನಿಲ್ಲಿಸುವ ಮ್ಯಾನೇಜರ್, ಜ್ವರ ತೋರಿಸಿತೆಂದು ಥರ್ಮಾಮೀಟರನ್ನು ಎಸೆಯುತ್ತಿರುತ್ತಾನೆ.