ಚೀಟಿ ಎತ್ತುವ ಮೊದಲು ಪಟ್ಟಿ: ನರ್ಸಿಂಗ್ ಸಂಶೋಧನೆಯಲ್ಲಿ ಮಾದರಿ ಆಯ್ಕೆ

ಮಾದರಿ ಆಯ್ಕೆಯ, ಅಂದರೆ ಎಲ್ಲರ ಬದಲು ಕೆಲವರನ್ನು ಮಾತ್ರ ಆರಿಸಿ ಅಧ್ಯಯನ ಮಾಡುವುದರ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಾವೆಲ್ಲ ವಿಧಗಳ ಹೆಸರುಗಳನ್ನು ಸಾಲಾಗಿ ಬರೆದು ಬರುತ್ತೇವೆ. ಆದರೆ ಸಮುದಾಯ ಆರೋಗ್ಯದ ಪೋಸ್ಟಿಂಗ್‌ಗೆ ಹಳ್ಳಿಗೆ ಹೋದಾಗ ಮೊದಲು ಎದುರಾಗುವುದು ವಿಧವಲ್ಲ, ಪಟ್ಟಿ.

ಕಲಬುರಗಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಎಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಇದೆ, ಅಂದರೆ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಇದೆ ಎಂದು ತಿಳಿಯಬೇಕಾಗಿದೆ ಎಂದುಕೊಳ್ಳೋಣ. ಅಲ್ಲಿನ ಎಲ್ಲ ಗರ್ಭಿಣಿಯರೂ ನಮ್ಮ ಸಮಷ್ಟಿ. ಆಶಾ ಕಾರ್ಯಕರ್ತೆಯರ ರಿಜಿಸ್ಟರಿನಲ್ಲಿ ಹೆಸರಿರುವವರು ಮಾತ್ರ ನಮ್ಮ ಆಯ್ಕೆಯ ಚೌಕಟ್ಟು. ಇವೆರಡೂ ಒಂದೇ ಅಲ್ಲ. ಮೊದಲ ಹೆರಿಗೆಗೆ ತವರಿಗೆ ಹೋಗುವ ರೂಢಿ ನಮ್ಮ ಕಡೆ ಇರುವುದರಿಂದ ಗಂಡನ ಊರಿನ ರಿಜಿಸ್ಟರಿನಲ್ಲಿ ಹೆಸರಿದ್ದವರು ಜೇವರ್ಗಿ ಕಡೆಯ ತವರಿನಲ್ಲಿರಬಹುದು. ಗುಳೆ ಹೋದ ಕುಟುಂಬದವರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರಬಹುದು.

ಪಟ್ಟಿಯಲ್ಲಿ 240 ಹೆಸರುಗಳಿದ್ದು ನಮಗೆ 60 ಬೇಕಿದ್ದರೆ, ಒಂದೇ ಅಳತೆಯ ಚೀಟಿಗಳನ್ನು ಒಂದೇ ರೀತಿ ಮಡಚಿ, ಡಬ್ಬಿಯಲ್ಲಿ ಚೆನ್ನಾಗಿ ಕಲಸಿ 60 ಎತ್ತುವುದು ಸರಳ ಯಾದೃಚ್ಛಿಕ ವಿಧಾನ. ವ್ಯವಸ್ಥಿತ ವಿಧಾನದಲ್ಲಿ 240ನ್ನು 60ರಿಂದ ಭಾಗಿಸಿದರೆ ಅಂತರ 4 ಬರುತ್ತದೆ. 1ರಿಂದ 4ರೊಳಗೆ ಚೀಟಿ ಎತ್ತಿದಾಗ 3 ಬಂದರೆ 3, 7, 11, 15 ಹೀಗೆ ಮುಂದುವರಿಯಬೇಕು. ಪಟ್ಟಿಯಲ್ಲಿಯೇ ಒಂದು ಲಯವಿದ್ದರೆ ಈ ವಿಧಾನ ಮೋಸ ಮಾಡುತ್ತದೆ. ಸಾಲಿಗೆ ಹತ್ತು ಹಾಸಿಗೆಗಳಿರುವ ವಾರ್ಡಿನಲ್ಲಿ ಪ್ರತಿ ಹತ್ತನೆಯ ಹಾಸಿಗೆಯನ್ನು ಆರಿಸಿದರೆ, ಪ್ರತಿ ಸಾಲಿನಲ್ಲೂ ಬಾಗಿಲ ಪಕ್ಕದ ಹಾಸಿಗೆಯೇ ಬರಬಹುದು. ಗಂಭೀರ ಸ್ಥಿತಿಯ ರೋಗಿಗಳನ್ನು ನರ್ಸ್‌ಗಳ ಕಣ್ಣಿಗೆ ಬೀಳುವಂತೆ ಅಲ್ಲಿಯೇ ಮಲಗಿಸುವುದುಂಟು.

ಆ 240 ಗರ್ಭಿಣಿಯರಲ್ಲಿ 40 ಮಂದಿ ತಾಂಡಾಗಳಲ್ಲಿದ್ದಾರೆ ಎಂದುಕೊಳ್ಳಿ. ಸ್ತರೀಕೃತ ವಿಧಾನದಲ್ಲಿ ಊರು ಮತ್ತು ತಾಂಡಾಗಳನ್ನು ಬೇರೆ ಸ್ತರಗಳಾಗಿ ಮಾಡಿ ಪ್ರಮಾಣಕ್ಕೆ ತಕ್ಕಂತೆ ತೆಗೆದರೆ ತಾಂಡಾದಿಂದ 10 ಮಂದಿ ಬರುತ್ತಾರೆ. ಹತ್ತು ಮಂದಿಯ ರಕ್ತ ಪರೀಕ್ಷಿಸಿ ತಾಂಡಾದ ಬಗ್ಗೆ ಏನನ್ನಾದರೂ ಹೇಳಲು ನನಗಂತೂ ಧೈರ್ಯವಿಲ್ಲ. ಹೋಲಿಕೆಯೇ ಉದ್ದೇಶವಾಗಿದ್ದರೆ ತಾಂಡಾದಿಂದ 20 ಮಂದಿಯನ್ನು ತೆಗೆದು, ಒಟ್ಟು ಶೇಕಡಾವಾರು ಲೆಕ್ಕ ಹಾಕುವಾಗ ಊರು ಮತ್ತು ತಾಂಡಾಗಳ ನಿಜವಾದ ಪಾಲಿಗೆ ತಕ್ಕಂತೆ ತೂಕ ಕೊಟ್ಟು ಸರಿಪಡಿಸಬೇಕು.

ಇಡೀ ಜಿಲ್ಲೆಗೆ ಹೆಸರುಗಳ ಪಟ್ಟಿ ಸಿಗದಿದ್ದಾಗ, ಹಳ್ಳಿಗಳಂಥ ಗುಂಪುಗಳನ್ನು ಮೊದಲು ಆರಿಸಿ ಆಮೇಲೆ ಅವುಗಳೊಳಗಿನವರನ್ನು ತೆಗೆದುಕೊಳ್ಳುವ ಗುಚ್ಛ ವಿಧಾನ ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕಾ ಸಮೀಕ್ಷೆಯ 30 ಗುಚ್ಛ, ಗುಚ್ಛಕ್ಕೆ 7 ಮಕ್ಕಳ ಮಾದರಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಲಸಿಕೆ ಪಡೆದವರ ಪ್ರಮಾಣವನ್ನು 50 ಪ್ರತಿಶತ ಎಂದೂ ಅಂದಾಜು ಆಚೀಚೆಯಾಗಬಹುದಾದ ದೋಷವನ್ನು 10 ಪ್ರತಿಶತ ಎಂದೂ ಇಟ್ಟುಕೊಂಡರೆ 95 ಪ್ರತಿಶತ ವಿಶ್ವಾಸ ಮಟ್ಟಕ್ಕೆ ಸುಮಾರು 96 ಮಕ್ಕಳು ಸಾಕು; ಆದರೆ ಒಂದೇ ಹಳ್ಳಿಯ, ಒಬ್ಬರೇ ಆಶಾ ಕಾರ್ಯಕರ್ತೆಯ ಕೈಕೆಳಗಿನ ಮಕ್ಕಳು ಪರಸ್ಪರ ಹೋಲುವುದರಿಂದ ಆ ಸಂಖ್ಯೆಯನ್ನು ದ್ವಿಗುಣಗೊಳಿಸಿ 192 ಮಾಡುತ್ತಾರೆ, 30 ಗುಚ್ಛಗಳಿಗೆ ಹಂಚಿದಾಗ ಗುಚ್ಛಕ್ಕೆ 6.4 ಬರುವುದನ್ನು 7 ಎಂದು ಏರಿಸುವುದರಿಂದ ಅದು 210 ಆಗುತ್ತದೆ.

ಸಂಭವನೀಯತೆಯನ್ನು ಆಧರಿಸದ ವಿಧಾನಗಳಲ್ಲಿ ನಾವು ಹೆಚ್ಚು ಬಳಸುವುದು ಕೈಗೆ ಸಿಕ್ಕವರನ್ನೇ ತೆಗೆದುಕೊಳ್ಳುವ ಅನುಕೂಲದ ಆಯ್ಕೆಯನ್ನು. ಅದನ್ನು ಬಳಸುವುದು ತಪ್ಪಲ್ಲ, ಬಳಸಿಯೂ ಪ್ರಬಂಧದಲ್ಲಿ ‘ಯಾದೃಚ್ಛಿಕ’ ಎಂದು ಬರೆಯುವುದು ತಪ್ಪು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ನಡೆಯುವ ತಪಾಸಣೆಯ ಸಾಲಿನಲ್ಲಿ ಕುಳಿತವರನ್ನೇ ಮಾತಾಡಿಸಿದರೆ, ತೊಗರಿ ರಾಶಿಯ ದಿನಗಳಲ್ಲಿ ಹೊಲ ಬಿಟ್ಟು ಬರಲಾಗದವರು ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ಅನುಭವಿಗಳನ್ನು ಬೇಕೆಂದೇ ಆರಿಸುವ ಉದ್ದೇಶಪೂರ್ವಕ ಆಯ್ಕೆ ಮತ್ತು ಒಬ್ಬರಿಂದ ಇನ್ನೊಬ್ಬರ ವಿಳಾಸ ಪಡೆಯುತ್ತ ಹೋಗುವ ಸರಪಳಿ ಆಯ್ಕೆ ಗುಣಾತ್ಮಕ ಅಧ್ಯಯನಗಳಿಗೆ ಹೊಂದುತ್ತವೆ. ಅಂದಹಾಗೆ, ಪ್ರಯೋಗದಲ್ಲಿ ಎರಡು ಗುಂಪುಗಳಿಗೆ ಚೀಟಿ ಎತ್ತಿ ಹಂಚುವುದು ಯಾದೃಚ್ಛಿಕ ಹಂಚಿಕೆ. ಅದನ್ನು ಯಾದೃಚ್ಛಿಕ ಆಯ್ಕೆಯೊಂದಿಗೆ ಬೆರೆಸಬಾರದು.

ನಾನು ಮೊದಲ ಸಮೀಕ್ಷೆಗೆ ಹೋದಾಗ ಚೀಟಿಯಲ್ಲಿ ಬಂದ ಮನೆಗೆ ಬೀಗವಿದ್ದರೆ ಪಕ್ಕದ ಮನೆಯ ಗರ್ಭಿಣಿಯನ್ನು ಸೇರಿಸಿಕೊಂಡೆ, ಸಂಖ್ಯೆಯೇನೋ ತುಂಬಿತು. ಕೋಷ್ಟಕ ಹಾಕಲು ಕುಳಿತಾಗ ಚೊಚ್ಚಲ ಗರ್ಭಿಣಿಯರ ಕಾಲಂ ಹೆಚ್ಚುಕಡಿಮೆ ಖಾಲಿಯಿತ್ತು. ಅವರೆಲ್ಲ ತವರಿನಲ್ಲಿದ್ದರು. ಈಗ ಬೀಗ ಹಾಕಿದ ಮನೆಗೆ ಇನ್ನೆರಡು ಸಲ ಹೋಗುತ್ತೇನೆ. ಆಗಲೂ ಸಿಗದಿದ್ದರೆ ಆ ಹೆಸರಿನ ಮುಂದೆ ‘ತವರಿಗೆ ಹೋಗಿದ್ದಾರೆ’ ಅಥವಾ ‘ಗುಳೆ’ ಎಂದು ಬರೆದು, ಅಂಥವರೆಷ್ಟು ಮಂದಿ ಎಂಬುದನ್ನು ವಿಧಾನದ ಅಧ್ಯಾಯದಲ್ಲಿಯೇ ನಮೂದಿಸುತ್ತೇನೆ.